ಅಗಸಿಗುಬ್ಬಿಗಳ ಎಣಿಕೆ

ಕಂಬಳಿಹಾಳ, ತಾ. ಸಿಂದಗಿ
18 ಫೆಬ್ರುವರಿ 2024

ಚಿರಂಜೀವಿ ಪ್ರಿಯದರ್ಶಿನಿಗೆ ನಿನ್ನ ರೇವಣಪ್ಪ ಕಾಕಾನ ಆಶೀರ್ವಾದ.

ಇಲ್ಲಿ ನನ್ನ ಎಡಮೊಣಕಾಲು ಒಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ನೀನು ಮುದ್ದೇಬಿಹಾಳದಿಂದ ಕಳಿಸಿದ ಲಕೋಟೆಗಳ ಕಟ್ಟು ಮುಟ್ಟಿತು. ‘ಫೋನಿನಲ್ಲಿ ಹೇಳಬೇಡಿ ಕಾಕಾ, ಬರೆದು ಕಳಿಸಿ. ಫೋನಿನಲ್ಲಿ ನಿಮ್ಮ ಸಂಖ್ಯೆ ಪ್ರತಿ ಸಲ ಬೆಳೆಯುತ್ತದೆ, ಕಾಗದದ ಮೇಲೆ ಬರೆದರೆ ಒಂದು ಕಡೆ ನಿಲ್ಲುತ್ತದೆ’ ಎಂದು ಬರೆದಿದ್ದೀಯಲ್ಲ, ಅದನ್ನು ನಿನ್ನ ಚಿಗವ್ವ ಶಂಕ್ರೆವ್ವನಿಗೆ ಓದಿ ಹೇಳಿದೆ. ಮೂರು ಸಲ ಓದಿಸಿಕೊಂಡಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನನ್ನಿಂದ ಏನನ್ನೂ ಅಷ್ಟು ಪ್ರೀತಿಯಿಂದ ಓದಿಸಿಕೊಂಡವಳಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ತಾಲೂಕಿನಲ್ಲಿ ಈ ಹಕ್ಕಿ ಎಲ್ಲೆಲ್ಲಿ ಗೂಡು ಕಟ್ಟಿದೆ ಎಂದು ಎಣಿಸುವ ಕೆಲಸ ಹಿಡಿದಿದ್ದೀ. ಒಳ್ಳೆಯದು. ನಮ್ಮೂರಿನ ಮಟ್ಟಿಗೆ ನೀನು ಸರಿಯಾದ ಮನುಷ್ಯನನ್ನೇ ಹಿಡಿದಿದ್ದೀ. ನಲವತ್ತು ವರ್ಷ ಕುರಿ ಕಾದವನಿಗೆ ಕೆಳಗೆ ಕುರಿ, ಮೇಲೆ ಹಕ್ಕಿ, ನೋಡಲು ಬೇರೆ ಏನಿರುತ್ತದೆ? ಇನ್ನು ವಿದ್ಯೆಯ ಮಾತು. ಏಳನೆಯ ಇಯತ್ತೆಯನ್ನು ನಾನು ಎರಡು ಸಲ ಓದಿದವನು. ಒಂದೇ ಸಲ ಓದಿದವರಿಗಿಂತ ಅದು ನನಗೆ ಹೆಚ್ಚು ಗೊತ್ತು.

ನೀನು ಕೇಳಿದ್ದಕ್ಕೆ ಉತ್ತರ. ನಮ್ಮೂರ ಹೆಬ್ಬಾಗಿಲಿನ, ಅದೇ ನಮ್ಮ ಅಗಸಿಯ, ಕಮಾನಿನ ಒಳಮೈಯಲ್ಲಿ, ಕಲ್ಲಿನ ಸಂದಿಗೆ ಅಂಟಿಕೊಂಡು ಇವುಗಳ ಗೂಡುಗಳಿವೆ. ನಾವು ಅಗಸಿಗುಬ್ಬಿ ಅನ್ನುತ್ತೇವೆ. ಗಾತ್ರ ಗುಬ್ಬಿಯದು, ಬಣ್ಣ ಮಸಿಯದು, ಬೆನ್ನು ಮುಗಿಯುವಲ್ಲಿ ಒಂದು ಬಿಳಿ ಪಟ್ಟಿ, ರೆಕ್ಕೆ ಕುಡುಗೋಲಿನಂತೆ ಬಾಗಿದ್ದು. ಗುಬ್ಬಿಯ ಕುಲವೇ, ಅನುಮಾನ ಬೇಡ. ಸಂಜೆಯಾದರೆ ಗುಂಪಾಗಿ ಕಿರುಚುತ್ತ ಸುತ್ತುತ್ತವೆ.

ಎಷ್ಟು ಎಂದು ಕೇಳಿದ್ದೀ. ಸಾವಿರದ ಎರಡು ನೂರಾ ನಲವತ್ತು. ಎರಡು ಸಂಜೆ ಎಣಿಸಿದೆ, ಎರಡೂ ಸಂಜೆ ಅಷ್ಟೇ.

ಇನ್ನೊಂದು ಸುದ್ದಿ. ಪಂಚಾಯಿತಿಯವರು ಅಗಸಿಗೆ ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಹೊಡೆಸಬೇಕೆಂದು ಠರಾವು ಮಾಡಿದ್ದಾರೆ. ಯುಗಾದಿ ಮುಗಿದ ಕೂಡಲೇ ಕೆಲಸ. ಹಿಡಿದವನು ನನ್ನ ಬಾಲ್ಯದ ದೋಸ್ತ, ಗಾರೆ ಕೆಲಸದ ಜೈನುದ್ದೀನ ಗೌಂಡಿ. ಗೂಡು ಕೆರೆದು ತೆಗೆಯದೆ ಗಿಲಾವು ಹತ್ತುವುದಿಲ್ಲ ಅನ್ನುತ್ತಾನೆ. ಅಗಸಿಗೆ ಗೋಡೆ ಹಚ್ಚಿದ ಮನೆಯ ಗುರವ್ವಾಯಿಗೆ ಇದರಿಂದ ಬಹಳ ಸಂತೋಷ. ಅವಳು ಹಪ್ಪಳ ಒಣಹಾಕಿದ ಚಾಪೆಯ ಮೇಲೆಯೇ ಹಿಕ್ಕೆ ಬೀಳುತ್ತವೆ. ನಿನ್ನೆ ನನ್ನನ್ನು ನಿಲ್ಲಿಸಿ, “ರೇವಣ್ಯಾ, ನಿನ್ನ ಗುಬ್ಬಿಗೋಳಿಗಿ ಒಂದ ಸಂಡಾಸ ಕಟ್ಟಸಿಕೊಡು, ಇಲ್ಲಾಂದ್ರ ಗೂಡ ತಗಸು” ಅಂದಳು.

ನೀನು ಒಂದು ಮಾತು ಬರೆ, ಗಿಲಾವು ನಿಲ್ಲಿಸುತ್ತೇನೆ.

ಎಣಿಕೆಯಲ್ಲಿ ಎಂದೂ ತಪ್ಪದ
ನಿನ್ನ ಕಾಕಾ
ರೇವಣಪ್ಪ

*

ಮುದ್ದೇಬಿಹಾಳ
2 ಮಾರ್ಚ್ 2024

ಪ್ರೀತಿಯ ಕಾಕಾ, ಚಿಗವ್ವ,

ಇಬ್ಬರಿಗೂ ನಮಸ್ಕಾರ. ಕಾಗದವನ್ನು ಎರಡು ಸಲ ಓದಿದೆ, ಮೊದಲು ನಗಲು, ಆಮೇಲೆ ಸಂಖ್ಯೆ ನೋಡಲು.

ಒಂದು ತಿದ್ದುಪಡಿ. ಅಗಸಿಗುಬ್ಬಿ ಗುಬ್ಬಿಯ ಕುಲವಲ್ಲ. ತಂತಿಯ ಮೇಲೆ ಸಾಲಾಗಿ ಕೂರುವ ಕವಲುಬಾಲದ ಹಕ್ಕಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇಬ್ಬರೂ ಹಾರುತ್ತಲೇ ಹುಳ ಹಿಡಿಯುವವರಾದ್ದರಿಂದ ಮೈಕಟ್ಟು ಒಂದೇ ತರಹ ಆಗಿದೆ, ಅಷ್ಟೇ. ಇದು ಬಾನಾಡಿಗಳ ಕುಲ. ಇದರ ನಿಜವಾದ ದಾಯಾದಿ ಯಾರು ಗೊತ್ತೇ? ಅಮೆರಿಕದ ಕಾಡುಗಳಲ್ಲಿ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಮಕರಂದ ಕುಡಿಯುವ ಹೆಬ್ಬೆರಳಿನಷ್ಟು ಹಕ್ಕಿ. ನಮ್ಮ ಬಾನಾಡಿಯನ್ನೂ ಪೂರ್ವದೇಶಗಳ ಇಂಥದೇ ಇನ್ನೊಂದನ್ನೂ ಮೊದಲು ಒಂದೇ ಎಂದು ಬರೆಯುತ್ತಿದ್ದರು. ಬಾಲದ ಕತ್ತರಿಯಲ್ಲಿ ವ್ಯತ್ಯಾಸ ಕಂಡು ಈಗ ಎರಡು ಮಾಡಿದ್ದಾರೆ. ಇದರ ಲ್ಯಾಟಿನ್ ಹೆಸರಿನ ಅರ್ಥ ‘ಕಾಲಿಲ್ಲದ್ದು’. ಕಾಲು ಇದೆ, ಆದರೆ ನಾಲ್ಕೂ ಬೆರಳು ಮುಂದಕ್ಕೇ. ಗೋಡೆಗೆ ಜೋತು ಬೀಳಬಲ್ಲದು, ಕೊಂಬೆಯ ಮೇಲೆ ಕೂರಲಾರದು. ಕುಡಿಯುವುದೂ ಹಾರುತ್ತಲೇ. ಗೂಡಿಗೆ ಬೇಕಾದ ಪುಕ್ಕ, ಹತ್ತಿ ಎಲ್ಲವನ್ನೂ ಗಾಳಿಯಲ್ಲೇ ಹಿಡಿದು, ತನ್ನ ಜೊಲ್ಲಿನಿಂದ ಅಂಟಿಸುತ್ತದೆ.

ಈಗ ಸಂಖ್ಯೆ. ಬಾಗೇವಾಡಿ ಕಡೆಯ ಒಂದು ಸೇತುವೆಯ ಕೆಳಗೆ ನಾನೇ ಎಣಿಸಿದ್ದು ಇನ್ನೂರಾ ಹತ್ತು ಹಕ್ಕಿ. ಇಂಡಿಯ ಹಳೆಯ ಗೋದಾಮಿನಲ್ಲಿ ನೂರಾ ಅರವತ್ತು. ಅದೇ ದೊಡ್ಡದೆಂದು ಬೀಗುತ್ತಿದ್ದೆ. ನಿಮ್ಮದು ಸಾವಿರ ದಾಟಿದೆ. ನಮ್ಮ ಕಾಲೇಜಿನ ಗೈಡ್ ಸರ್‌ಗೆ ಹೇಳಿದಾಗ ಅವರು ಆ ಸಂಖ್ಯೆಯನ್ನು ಎರಡು ಸಲ ಬರೆದುಕೊಂಡರು. ನಾನೇ ಬರಬೇಕಿತ್ತು. ಆದರೆ ಐವತ್ತೆಂಟು ಜಾಗ, ಒಬ್ಬಳು, ಒಂದು ಸ್ಕೂಟಿ. ನಮ್ಮೂರು ಒಂದನ್ನಾದರೂ ನಿಮ್ಮ ಮೇಲೆ ಬಿಟ್ಟು ನಿಶ್ಚಿಂತೆಯಾಗಿದ್ದೇನೆ.

ಪಂಚಾಯಿತಿಗೆ ಬರೆದ ಮನವಿ ಜೊತೆಗಿದೆ. ಈಗ ಮೊಟ್ಟೆಯಿಡುವ ಕಾಲ. ಮಳೆಗಾಲ ಮುಗಿಯುವವರೆಗೆ ಕಮಾನಿಗೆ ಕೈ ಹಚ್ಚಬಾರದೆಂದು ಕೇಳಿದ್ದೇನೆ. 1,240 ಎಂದು ಬರೆದು ಸಹಿ ಮಾಡಿದ್ದೇನೆ. ನೀವು ಹೇಗೆ ಎಣಿಸಿದಿರಿ ಎಂದು ಒಂದು ಸಾಲು ಬರೆಯಿರಿ, ವರದಿಯಲ್ಲಿ ಅದಕ್ಕೂ ಒಂದು ಅಂಕಣವಿದೆ.

ನಿಮ್ಮ
ಪ್ರಿಯಾ

*

ಕಂಬಳಿಹಾಳ
24 ಮಾರ್ಚ್ 2024

ಪ್ರಿಯಾಗೆ ಆಶೀರ್ವಾದ.

ನೋಡಲು ಒಂದೇ ತರಹ ಇದ್ದರೂ ಕುಲ ಬೇರೆ ಎಂಬುದನ್ನು ಒಪ್ಪಿದೆ. ನಮ್ಮೂರಿನಲ್ಲಿ ಅರ್ಧ ಗಂಡಸರು ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅಷ್ಟಕ್ಕೇ ಎಲ್ಲರನ್ನೂ ಒಂದು ಮನೆತನಕ್ಕೆ ಸೇರಿಸಿದರೆ ಹೊಡೆದಾಟವಾದೀತು. ಒಂದನ್ನು ಎರಡು ಮಾಡಿದ್ದೂ ಆಶ್ಚರ್ಯವಲ್ಲ. ನಾನೂ ನಿನ್ನ ಅಪ್ಪನೂ ಒಂದೇ ಮನೆಯಲ್ಲಿದ್ದೆವು. ಪಾಲಾದ ಮೇಲೆ ಬಾಲದಲ್ಲಿ ಎಷ್ಟು ವ್ಯತ್ಯಾಸ ಕಂಡಿತು ನೋಡು.

ನಿನ್ನ ಮನವಿಯನ್ನು ಪಂಚಾಯಿತಿಯಲ್ಲಿ ನಾನೇ ನಿಂತು ಓದಿದೆ. ಕಾಮಾಗಳನ್ನೂ ಬಿಡಲಿಲ್ಲ. ಅಧ್ಯಕ್ಷೆ ಸುರೇಖಾ ಕೇಳಿದಳು, “ಕಾಕಾರ, ಸಾವಿರದ ಎರಡ್ನೂರ ನಲವತ್ತು ಅಂತ ಐತಿ. ಖರೇ ಏನ್ರಿ?”

“ನಾ ಎಣಿಸೇನಿ ಅಂದಮ್ಯಾಲ ಖರೇನ” ಅಂದೆ.

ಹಿಂದಿನಿಂದ ಜೈನುದ್ದೀನನ ದನಿ ಬಂತು. “ಅಧ್ಯಕ್ಷರ, ಹ್ವಾದ ವರ್ಷ ಇಂವ ಒಂದು ಹಾವು ಹೊಡದಿದ್ದ. ಸತ್ತ ಮ್ಯಾಲೂ ಅದು ಹೋಟೆಲಿನ್ಯಾಗ ದಿನಾ ಒಂದ ಗೇಣ ಬೆಳೀತಿತ್ತು.”

ಎಲ್ಲರೂ ನಕ್ಕರು. ಸುರೇಖಾ ನಗಲಿಲ್ಲ. “ಹಾವು ಕಾಕಾರದು. ಹಕ್ಕಿ ಹಂಗಲ್ಲ, ಕಲ್ತ ಹುಡುಗಿ ಸಹಿ ಮಾಡಿ ಕಳಸ್ಯಾಳ. ಸುತ್ತ ನಾಕ ತಾಲೂಕಿನ್ಯಾಗ ಹಿಂತಾದ್ದು ಇಲ್ಲಂತ. ಗಿಲಾವು ದೀಪಾವಳಿ ಮ್ಯಾಲ ನೋಡೂನು. ಅಲ್ಲೀತನ ಅಗಸಿಗಿ ಒಂದು ಬೋರ್ಡ ಹಾಕಸ್ರಿ” ಅಂದಳು. ಬೋರ್ಡ್ ತಯಾರಾಗಿದೆ. ‘1,240 ಬಾನಾಡಿಗಳ ಊರು’ ಎಂದು ಹಳದಿ ಅಕ್ಷರ. ಸಿಂದಗಿಗೆ ಹೋಗುವ ಬಸ್ಸಿನವರೂ ನಿಧಾನ ಮಾಡಿ ಓದುತ್ತಾರೆ. ಗುರವ್ವಾಯಿಯ ಮೋರೆ ನೋಡುವಂತಿತ್ತು.

ಎಣಿಸಿದ ಬಗೆ ಕೇಳಿದ್ದೀ. ಇದು ನಮ್ಮ ಮುತ್ತ್ಯಾನಿಂದ ಬಂದ ವಿದ್ಯೆ. ಸಂಜೆ ಕುರಿ ದಡ್ಡಿಯೊಳಗೆ ಹೋಗುವಾಗ ಬಾಗಿಲಲ್ಲಿ ನಿಂತು, ಒಂದು ಕುರಿ ಹೊಕ್ಕರೆ ಒಂದು ಜೋಳದ ಕಾಳು ವಸ್ತ್ರದಲ್ಲಿ ಹಾಕುವುದು. ಬೆಳಗ್ಗೆ ಕಾಳು ಎಣಿಸಿದರೆ ಕುರಿ ಎಣಿಸಿದಂತೆ. ಅಗಸಿಯಲ್ಲಿಯೂ ಹಾಗೆಯೇ ಮಾಡಿದೆ. ಕಮಾನಿನ ಬಾಯಲ್ಲಿ ನಿಂತು, ಒಂದು ಹಕ್ಕಿ ಒಳಗೆ ಹೊಕ್ಕರೆ ಒಂದು ಕಾಳು. ನಲವತ್ತು ವರ್ಷದಲ್ಲಿ ಒಂದು ಮರಿಯೂ ಲೆಕ್ಕ ತಪ್ಪಿಲ್ಲ. ನಿನ್ನ ಅಂಕಣದಲ್ಲಿ ಹಾಗೆಯೇ ಬರೆ.

ಮೊನ್ನೆ ಒಂದು ಅಗಸಿಗುಬ್ಬಿ ನೆಲಕ್ಕೆ ಬಿದ್ದಿತ್ತು. ಎತ್ತಿ ಬೇವಿನ ಕೊಂಬೆಯ ಮೇಲೆ ಕೂರಿಸಿದೆ. ಬಿತ್ತು. ಮತ್ತೆ ಕೂರಿಸಿದೆ, ಮತ್ತೆ ಬಿತ್ತು. ಮೂರನೆಯ ಸಲ ಜೈನುದ್ದೀನ ಅದನ್ನು ಕಸಿದುಕೊಂಡು, “ಅದಕ್ಕ ಕೂಡಾಕ ಬರೂದಿಲ್ಲಂತ ನಿನ್ನ ಮಗಳ ಬರದಾಳ, ನೀನಽ ಓದಿದಿ” ಎಂದು ಅಂಗೈ ಮೇಲಿಟ್ಟುಕೊಂಡು ಮಾಳಿಗೆ ಹತ್ತಿದ. ಅಂಗೈ ಚಾಚಿ ನಿಂತ. ಹಾರಿಹೋಯಿತು. ಅವತ್ತಿನಿಂದ ಊರಲ್ಲಿ ಅವನೇ ಹಕ್ಕಿಯ ಪಂಡಿತನಂತೆ ಅಡ್ಡಾಡುತ್ತಿದ್ದಾನೆ. ಓದಿ ಹೇಳಿದವನು ನಾನು.

ನಿನ್ನ ಕಾಕಾ
ರೇವಣಪ್ಪ

*

ಇಂಡಿ
7 ಏಪ್ರಿಲ್ 2024

ಪ್ರೀತಿಯ ಕಾಕಾ,

ಇಲ್ಲಿ ಗೋದಾಮಿನ ಎದುರಿನ ಚಹಾದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಕಾಗದ ನಾಲ್ಕು ದಿನದಿಂದ ಚೀಲದಲ್ಲಿದೆ.

ಒಂದೇ ಒಂದು ಪ್ರಶ್ನೆ. ದಡ್ಡಿಯೊಳಗೆ ಹೊಕ್ಕ ಕುರಿ ಬೆಳಗಾಗುವವರೆಗೆ ಮತ್ತೆ ಹೊರಗೆ ಬರುತ್ತದೆಯೇ?

ಸಂಜೆ ಈ ಹಕ್ಕಿಗಳು ಹೊಕ್ಕು, ಹೊರಬಿದ್ದು, ಸುತ್ತಿ, ಮತ್ತೆ ಹೊಕ್ಕು ಆಟ ಹೂಡುತ್ತವೆ. ಅದನ್ನು ನಾನು ನಿಮಗೆ ಮೊದಲೇ ಬರೆಯಬೇಕಿತ್ತು. ಹೇಗೆ ಎಣಿಸಿದಿರಿ ಎಂದು ಕೇಳುವ ಮೊದಲೇ ಸಹಿ ಹಾಕಿದೆ. ನಮ್ಮ ಕಾಕಾ ಎಂದು ಹಾಕಿದೆ. ಉಳಿದ ಐವತ್ತೇಳು ಜಾಗದಲ್ಲಿ ಯಾರ ಮಾತಿಗೂ ಹಾಗೆ ಮಾಡಿಲ್ಲ. ಒಂದು ಅಂಕಿ ಸುಳ್ಳೆಂದು ಗೊತ್ತಾದರೆ ಉಳಿದ ಐವತ್ತೇಳನ್ನೂ ಯಾರೂ ನಂಬುವುದಿಲ್ಲ ಕಾಕಾ.

ಸರ್ ನಮ್ಮೂರಿಗೆ ಬಂದು ನೋಡುತ್ತೇನೆ ಅಂದಿದ್ದಾರೆ. ದಯವಿಟ್ಟು ಹಕ್ಕಿ ಬಿಟ್ಟು ಗೂಡು ಎಣಿಸಿ. ಗೂಡು ಹಾರುವುದಿಲ್ಲ.

ಪ್ರಿಯಾ

*

ಕಂಬಳಿಹಾಳ
19 ಏಪ್ರಿಲ್ 2024

ಪ್ರಿಯಾಗೆ ಆಶೀರ್ವಾದ.

ಬಿಸಿಲು ಬಹಳ. ನಿನ್ನ ಚಿಗವ್ವ ಹಳೆಯ ಗಾದಿ ಬಿಚ್ಚಿ ಅಂಗಳದಲ್ಲಿ ಹತ್ತಿ ಹಿಂಜಿದಳು. ಗಾಳಿಗೆ ಎದ್ದ ಎಳೆಗಳನ್ನು ಅಗಸಿಗುಬ್ಬಿಗಳು ಅವಳ ತಲೆಯ ಮೇಲಿಂದಲೇ ಹಿಡಿದೊಯ್ದವು. “ನನ್ನ ಗಾದಿ ಸಣ್ಣದಾತು, ಅವರದ್ದು ದೊಡ್ಡದಾತು” ಅನ್ನುತ್ತಾಳೆ. ಜೈನುದ್ದೀನ ಹೊಸ ಏಣಿ ತಂದಿದ್ದಾನೆ, ಹದಿನಾರು ಮೆಟ್ಟಿಲು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದೆವು. ನಿನಗೊಂದು ಬರಣಿ ಎತ್ತಿಟ್ಟಿದ್ದೇನೆ. ಇಂಡಿಯಲ್ಲಿ ನಿಂಬೆಹಣ್ಣು ಚೆನ್ನಾಗಿ ಸಿಗುತ್ತವೆ, ಬರುವಾಗ ತಾ.

ಕುರಿಯ ಪ್ರಶ್ನೆಗೆ ಉತ್ತರ ಬರೆಯಬೇಕೆಂದಿದ್ದೆ. ಕಾಗದದಲ್ಲಿ ಜಾಗ ಮುಗಿಯಿತು.

ಕಾಕಾ

*

ಮುದ್ದೇಬಿಹಾಳ
2 ಮೇ 2024

ಕಾಕಾ,

ಕಾಗದದ ಅರ್ಧ ಖಾಲಿ ಇತ್ತು. ಹಿಂಬದಿ ಪೂರ್ತಿ ಖಾಲಿ ಇತ್ತು.

ನನಗೆ ಸಿಟ್ಟಿಲ್ಲ. ಜೂನ್ ಒಂಬತ್ತಕ್ಕೆ ಸರ್ ಜೊತೆ ಬರುತ್ತೇನೆ. ಅದಕ್ಕೂ ಮೊದಲು ಪಂಚಾಯಿತಿಗೆ ಒಂದು ಕಾಗದ ಬರೆಯುತ್ತೇನೆ. ಎಣಿಕೆಯಲ್ಲಿ ನನ್ನಿಂದ ತಪ್ಪಾಯಿತು ಎಂದಷ್ಟೇ ಬರೆಯುತ್ತೇನೆ, ನಿಮ್ಮ ಹೆಸರು ಬರುವುದಿಲ್ಲ. ಸಂಖ್ಯೆ ನೋಡಿ ನಿಲ್ಲಿಸಿದ ಗಿಲಾವು ಸಂಖ್ಯೆ ಹೋದರೆ ಶುರುವಾಗಬಹುದು. ಗೂಡಿನಲ್ಲಿ ಮರಿಗಳಿರುವ ಹೊತ್ತು. ಅದೊಂದೇ ಚಿಂತೆ. ಚಿಗವ್ವನಿಗೆ ನಮಸ್ಕಾರ.

ಪ್ರಿಯಾ

*

ಕಂಬಳಿಹಾಳ
13 ಮೇ 2024

ಪ್ರಿಯಾ,

ಪಂಚಾಯಿತಿಗೆ ಏನನ್ನೂ ಬರೆಯಬೇಡ. ಈ ಕಾಗದ ಪೂರ್ತಿ ಓದು, ಹಿಂಬದಿಯನ್ನೂ ತುಂಬಿಸಿದ್ದೇನೆ.

ದಡ್ಡಿಗೆ ಹೊಕ್ಕ ಕುರಿ ಹೊರಗೆ ಬರುವುದಿಲ್ಲ. ಇದು ಉತ್ತರ.

ಎರಡು ಸಂಜೆ ಎಣಿಸಿದೆ, ಎರಡೂ ಅಷ್ಟೇ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಎಣಿಸಿದ್ದು ಮೂರು ಸಂಜೆ. ಮೊದಲ ದಿನ ಸಾವಿರದ ಎರಡು ನೂರಾ ನಲವತ್ತು ಕಾಳು, ಎರಡನೆಯ ದಿನ ಎಂಟುನೂರಾ ಎಪ್ಪತ್ತು, ಮೂರನೆಯ ದಿನ ಸಾವಿರದ ಆರುನೂರಾ ಹತ್ತು. ಕುರಿ ಹೀಗೆ ಹೆಚ್ಚು ಕಡಿಮೆ ಆಗುವುದಿಲ್ಲ. ಏನೋ ತಪ್ಪಿದೆ ಎಂದು ಆಗಲೇ ಗೊತ್ತಾಯಿತು. ಆದರೆ ಮೊದಲ ದಿನದ ಲೆಕ್ಕವನ್ನು ಅಂದೇ ಹೋಟೆಲಿನಲ್ಲಿ ಹೇಳಿಬಿಟ್ಟಿದ್ದೆ. ಮೂರರಲ್ಲಿ ಅದು ನಡುವಿನದು, ಅತಿಯಾಸೆಯದಲ್ಲ ಎಂದು ಸಮಾಧಾನ ಮಾಡಿಕೊಂಡು ನಿನಗೂ ಅದನ್ನೇ ಬರೆದೆ.

ನಿನ್ನ ಮೇ ಎರಡರ ಕಾಗದವನ್ನು ಶಂಕ್ರೆವ್ವನಿಗೆ ಓದಿದೆ. ‘ನಿಮ್ಮ ಹೆಸರು ಬರುವುದಿಲ್ಲ’ ಎಂಬಲ್ಲಿಗೆ ಬಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಕೂಸಿನ ಸೆರಗಿನ್ಯಾಗ ಅಡಗತಿಯೇನು?” ಅಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಷ್ಟೇ.

ಮರುದಿನ ಜೈನುದ್ದೀನನ ಮನೆಗೆ ಹೋಗಿ ಏಣಿ ಕೇಳಿದೆ. ಯಾಕೆ ಅಂದ. ಹೇಳಿದೆ. ಅವನು ಇಡೀ ಓಣಿಗೆ ಕೇಳುವಂತೆ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. “ರೇವಣ, ಕುರಿಗಿ ಸಂಜೀಕ ಒಳಗ ಕೆಲಸ, ಇವಕ್ಕ ಹೊರಗ. ನೀ ಎಣಿಸಿದ್ದು ಹಕ್ಕಿ ಅಲ್ಲ, ಓಡಾಟ” ಅಂದ. ಆಮೇಲೆ ನಕ್ಕ. ಚಹಾ ಆರುವ ತನಕ ನಕ್ಕ.

ಗೋಡೆಯ ಅಳತೆ ತೆಗೆಯುವಾಗ ಗೌಂಡಿಗಳು ದಾರ ಕಟ್ಟಿ ಚೌಕ ಚೌಕ ಮಾಡಿಕೊಳ್ಳುತ್ತಾರೆ. ಯಾವ ಮೂಲೆಯೂ ಎರಡು ಸಲ ಬರಬಾರದು, ಯಾವುದೂ ಬಿಡಬಾರದು. ಜೈನುದ್ದೀನ ಕಮಾನಿನ ಕೆಳಗೆ ಹಾಗೆಯೇ ದಾರ ಎಳೆದು ಹದಿನೆಂಟು ಚೌಕ ಮಾಡಿದ. ಗೂಡಿಗೆ ಕೈ ತಾಗಿಸಲಿಲ್ಲ. ಶಂಕ್ರೆವ್ವನ ಕನ್ನಡಿಯನ್ನು ಬಿದಿರಿಗೆ ಕಟ್ಟಿ ದೂರದಿಂದಲೇ ನೋಡಿದ. ಅವನು ಮೇಲಿಂದ ಕೂಗುವುದು, ನಾನು ಕೆಳಗೆ ಬರೆಯುವುದು. ಎರಡು ಬೆಳಗು ಮಾಡಿದೆವು. ಎರಡೂ ಬೆಳಗು ಒಂದೇ ಲೆಕ್ಕ ಬಂತು, ಈ ಸಲ ನಿಜವಾಗಿ.

ಗೂಡು ತೊಂಬತ್ತಮೂರು. ಅದರಲ್ಲಿ ಮರಿಯ ಬಾಯಿ ಕಂಡದ್ದು ಅರವತ್ತೊಂದರಲ್ಲಿ. ಗೂಡಿಗೆ ಎರಡು ದೊಡ್ಡ ಹಕ್ಕಿಯೆಂದರೆ ನೂರಾ ಎಂಬತ್ತಾರು. ಬಾಗೇವಾಡಿಯ ಸೇತುವೆ ನಮ್ಮನ್ನು ಸೋಲಿಸಿತು. ಅದನ್ನು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು, ಆದರೆ ಬರೆದೆ.

ಇಪ್ಪತ್ತನಾಲ್ಕಕ್ಕೆ ಪಂಚಾಯಿತಿ ಸಭೆ ಇದೆ. ಹೇಳುವವನು ನಾನು.

ನಿನ್ನ ಕಾಕಾ
ರೇವಣಪ್ಪ

*

ಕಂಬಳಿಹಾಳ
26 ಮೇ 2024

ಪ್ರಿಯಾಗೆ ಆಶೀರ್ವಾದ.

ಹೇಳಿದೆ. ಯಾರೂ ನಂಬಲಿಲ್ಲ.

ಎದ್ದು ನಿಂತು, “ಸಾವಿರದ ಎರಡ್ನೂರ ನಲವತ್ತು ಸುಳ್ಳು. ಗೂಡು ಇರೂದು ತೊಂಬತ್ತಮೂರು. ತಪ್ಪು ನಂದು, ಹುಡುಗೀದಲ್ಲ” ಅಂದೆ. ಆಮೇಲೆ ಒಬ್ಬ, “ಕಾಕಾ, ಯಾಕ ಸುಳ್ಳ ಹೇಳಾಕತ್ತಿ?” ಅಂದ. ಇನ್ನೊಬ್ಬ, “ಇಂಡಿಯವ್ರು ಬಂದು ಏನರ ಹೇಳಿಕೊಟ್ಟಾರೇನ್ರಿ? ನಮ್ಮೂರಿನ ಹೆಸರ ಕೆಳಗ ಇಳಸಾಕ?” ಅಂದ. ಅರವತ್ತೆರಡು ವರ್ಷದಲ್ಲಿ ನಾನು ಹೇಳಿದ್ದನ್ನೆಲ್ಲ ಅರ್ಧವಾದರೂ ನಂಬಿದ ಊರು, ಖರೆ ಹೇಳಿದ ದಿನ ಪೂರ್ತಿ ಕೈಬಿಟ್ಟಿತು. ಬೋರ್ಡಿನ ಹಳದಿ ಅಕ್ಷರ ಅವರಿಗೆ ನನಗಿಂತ ಹತ್ತಿರವಾಗಿದ್ದವು.

ನಂಬಿದ ನಾಲ್ಕೈದು ಮಂದಿ ಇನ್ನೂ ಕೆಟ್ಟದ್ದನ್ನು ಅಂದರು. “ತೊಂಬತ್ತಮೂರು ಗೂಡಿಗಿ ದೀಪಾವಳಿತನ ಯಾಕ ಕಾಯಬೇಕು? ನಾಳೀನ ಗಿಲಾವು ಹಾಕ್ರಿ.” ಗುರವ್ವಾಯಿ ಹೊರಗಿನ ಕಟ್ಟೆಯಿಂದಲೇ ಹೌದೆಂದಳು.

ಸುರೇಖಾ ಜೈನುದ್ದೀನನ ಕಡೆ ನೋಡಿದಳು. “ಏನ್ರಿ ಗೌಂಡಿಯವ್ರ, ನಾಳೆ ಶುರು ಮಾಡ್ತೀರೇನು?”

ಅವನು ಎದ್ದು ನಿಲ್ಲಲೂ ಇಲ್ಲ. “ಮರಿ ಇದ್ದ ಗೂಡಿನ ಬಾಜೂಕ ನಾ ಕರಣಿ ಹಿಡಿಯಂಗಿಲ್ರಿ. ನಮ್ಮಪ್ಪ ಕೆಲಸ ಕಲಸೂ ಮುಂದ ಮೊದಲನೇ ದಿನಾನ ಈ ಮಾತು ಹೇಳ್ಯಾನ. ಪಾರಿವಾಳ ಇರ್ಲಿ, ಇರಿವಿ ಇರ್ಲಿ. ಬ್ಯಾರೆ ಗೌಂಡಿ ಇದ್ರ ಕರಸ್ರಿ, ಏಣಿ ನಂದಽ ಕೊಡ್ತೇನಿ.”

ಸುರೇಖಾ ಕುರ್ಚಿಯಿಂದ ಎದ್ದಳು. “ಏಣಿ ಅಗಸಿಗಿ ತರಸ್ರಿ. ನಾನಽ ನೋಡ್ತೇನಿ” ಅಂದಳು. ಸಭೆಯೆಲ್ಲ ಅಗಸಿಗೆ ಬಂತು, ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಕನ್ನಡಿ ಹಿಡಿದು ಒಂದೊಂದೇ ಚೌಕ ನೋಡಿದಳು. ಕೆಳಗಿನವರು, “ಎಷ್ಟ ಅದಾವ್ರಿ?” ಅಂತ ಕೇಳುತ್ತಲೇ ಇದ್ದರು. ಅವಳು ಮುಂದಿನ ಚೌಕಕ್ಕೆ ಕನ್ನಡಿ ಸರಿಸುತ್ತಿದ್ದಳು. ಇಳಿದು ಬಂದು, “ನೀವೂ ಹತ್ತಿ ನೋಡ್ರಿ, ಗದ್ದಲ ಮಾಡಬ್ಯಾಡ್ರಿ” ಎಂದಷ್ಟೇ ಹೇಳಿದಳು. ಐದಾರು ಮಂದಿ ಹತ್ತಿದರು. ಮೇಲೆ ಹೋಗುವಾಗ ವಾದ ಮಾಡುತ್ತ ಹೋದವರು ಕೆಳಗೆ ಬರುವಾಗ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

ಕೊನೆಗೆ ಗುರವ್ವಾಯಿ ತಾನೂ ಹತ್ತುತ್ತೇನೆ ಅಂದಳು. ಎಪ್ಪತ್ತಮೂರು ವರ್ಷ. ಬೇಡವೆಂದರೆ ಕೇಳುವವಳಲ್ಲ. ಕೆಳಗಿನಿಂದ ಇಬ್ಬರು ಹಿಡಿದರು, ಎಂಟು ಮೆಟ್ಟಿಲು ಹತ್ತಿ ಕನ್ನಡಿಯಲ್ಲಿ ನೋಡಿದಳು. ಬಹಳ ಹೊತ್ತು ಇಳಿಯಲಿಲ್ಲ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹಪ್ಪಳದ ಸಿಟ್ಟನ್ನೆಲ್ಲ ಈಗ ಕಕ್ಕುತ್ತಾಳೆ, ಗೂಡುಗಳ ಕಥೆ ಮುಗಿಯಿತು ಅಂದುಕೊಂಡೆ.

“ರೇವಣ್ಯಾ” ಎಂದು ಮೇಲಿಂದಲೇ ಕರೆದಳು. “ಮೈ ನೋಡಿದ್ರ ಹೆಬ್ಬಟ್ಟಿನಷ್ಟೂ ಇಲ್ಲ, ಬಾಯಿ ನೋಡಿದ್ರ ಮೈಗಿಂತ ದೊಡ್ಡವು. ಎಲ್ಲಾ ನಿನ್ನ ಮಕ್ಕಳೇನೋ?”

ಅಗಸಿಯೊಳಗೆ ಅಷ್ಟು ನಗು ಹಿಂದೆಂದೂ ಕೇಳಿಲ್ಲ. ಹಕ್ಕಿಗಳೆಲ್ಲ ಹೊರಗೆ ಹಾರಿದವು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಠರಾವು ಹೀಗಾಯಿತು. ಗಿಲಾವು ದೀಪಾವಳಿಯ ನಂತರ, ಅದೂ ಹೊರಗೋಡೆಗೆ ಮಾತ್ರ. ಕಮಾನಿನ ಒಳಮೈ ಈಗ ಹೇಗಿದೆಯೋ ಹಾಗೆಯೇ ಬಿಡುವುದು. ಗುರವ್ವಾಯಿಯ ಬಾಗಿಲಿನ ಮೇಲೆ ಹಿಕ್ಕೆ ತಡೆಯಲು ಜೈನುದ್ದೀನ ಒಂದು ಹಲಗೆ ಹೊಡೆಯಬೇಕು. ಹಲಗೆ ಮಾವಿನದೇ ಆಗಬೇಕೆಂದು ಅವಳ ಹಟ. ಬೋರ್ಡಿನ ಸಂಖ್ಯೆ ತಿದ್ದಿಸಬೇಕು. ತಿದ್ದುವವನು ನಾನೇ ಆಗಬೇಕೆಂದು ಸುರೇಖಾ ಠರಾವಿನಲ್ಲಿ ಬರೆಸಿದಳು. ನಿನ್ನೆ ತಿದ್ದುವಾಗ ನೋಡಲು ರಜೆಯಲ್ಲಿದ್ದ ಶಾಲೆಯ ಮಕ್ಕಳನ್ನೂ ಕರೆತಂದರು.

ಒಂಬತ್ತನೆಯ ತಾರೀಖಿಗೆ ನಿನ್ನ ಸರ್ ಬರಲಿ. ಏಣಿ ತಯಾರಿದೆ.

ನಿನ್ನ ಕಾಕಾ
ರೇವಣಪ್ಪ

*

ಮುದ್ದೇಬಿಹಾಳ
29 ಸೆಪ್ಟೆಂಬರ್ 2024

ಪ್ರೀತಿಯ ಕಾಕಾ, ಚಿಗವ್ವ,

ಜೂನ್ ತಿಂಗಳಲ್ಲಿ ನಿಮ್ಮ ಮನೆಯ ಉಪ್ಪಿನಕಾಯಿ ಬರಣಿಯನ್ನು ಸರ್ ತಾವೇ ಒಯ್ದರು ಎಂಬುದನ್ನು ನಾನು ಇನ್ನೂ ಕ್ಷಮಿಸಿಲ್ಲ.

ವರದಿಯ ಕರಡು ಅಚ್ಚಾಗಿದೆ, ಆ ಹಾಳೆ ಜೊತೆಗಿದೆ. ಐವತ್ತೆಂಟು ಜಾಗದಲ್ಲಿ ಐವತ್ತೇಳರ ಎಣಿಕೆ ಮುಗಿದಿದೆ. ಕಂಬಳಿಹಾಳದ ಸಾಲು ನೋಡಿ: ಗೂಡು 93, ನಾಲ್ಕು ತಾಲೂಕಿನಲ್ಲಿ ಎರಡನೆಯದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮೊದಲ ಎಣಿಕೆಯನ್ನು ಎಣಿಸಿದವರೇ ಹಿಂತೆಗೆದುಕೊಂಡಿದ್ದಾರೆ’ ಎಂದಿದೆ. ಅದನ್ನು ತೆಗೆಯಲೇ ಎಂದು ಸರ್‌ರನ್ನು ಕೇಳಿದೆ. “ಇರಲಿ, ಅದನ್ನು ಓದಿದ ಮೇಲೆಯೇ ಉಳಿದ ಅಂಕಿಗಳನ್ನು ಜನ ನಂಬುವುದು” ಅಂದರು. ಗೌಂಡಿಯ ದಾರದ ಚೌಕವನ್ನು ಮುಂದಿನ ವರ್ಷ ಎಲ್ಲ ಕಡೆ ಬಳಸೋಣ ಅಂದಿದ್ದಾರೆ. ಜೈನುದ್ದೀನ ಕಾಕಾಗೆ ತಿಳಿಸಿ.

ಉಳಿದದ್ದು ಒಂದು ಜಾಗ. ನಾಲತವಾಡದ ಹೊರಗೆ ಕಮಾನುಗಳಿರುವ ಒಂದು ಹಳೆಯ ಮೆಟ್ಟಿಲುಬಾವಿ. ಅಲ್ಲಿ ಬಹಳ ಬಾನಾಡಿಗಳಿದ್ದವು ಎಂದು ಕೇಳಿದ್ದೇನೆ. ನನಗೆ ಪರೀಕ್ಷೆ ಶುರುವಾಗುತ್ತದೆ. ಯಾರನ್ನಾದರೂ ಕಳಿಸು ಎಂದು ಸರ್ ಹೇಳಿದಾಗ ನಾನು ಕೊಟ್ಟ ಹೆಸರು ನಿಮ್ಮದು.

ಹೋಗಿ ಬರುತ್ತೀರಾ?

ನಿಮ್ಮ
ಪ್ರಿಯಾ

*

ನಾಲತವಾಡ, ಬಸ್ ನಿಲ್ದಾಣ
20 ಅಕ್ಟೋಬರ್ 2024

ಪ್ರಿಯಾಗೆ ಆಶೀರ್ವಾದ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಜೈನುದ್ದೀನ ಪಕ್ಕದಲ್ಲಿ ಮಿರ್ಚಿ ಭಜಿ ತಿನ್ನುತ್ತ ನನ್ನ ಅಕ್ಷರ ತಿದ್ದುತ್ತಿದ್ದಾನೆ.

ಬೆಳಗ್ಗೆ ಸಿಂದಗಿಯಿಂದ ಹೊರಟು ಎರಡು ಬಸ್ಸು ಬದಲಿಸಿ ಬಂದೆವು. ಕನ್ನಡಿ, ಬಿದಿರು, ದಾರದ ಉಂಡೆ, ಮೇಲೆ ಶಂಕ್ರೆವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಕಂಡಕ್ಟರ್ ನಮ್ಮನ್ನು ನೋಡಿ, “ಯಾವ ನಾಟಕ ಕಂಪನಿರೀ?” ಅಂದ. ಬಾನಾಡಿ ಎಣಿಸುವವರು ಎಂದು ಹೇಳಿದೆ. ಅವನು ಎರಡು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಬಾವಿ ಚೆನ್ನಾಗಿದೆ. ಮೂರು ಕಡೆ ಕಮಾನು, ಕಲ್ಲಿನ ಕೆಲಸ ನೋಡಿ ಜೈನುದ್ದೀನ ಕೈಮುಗಿದ. ಆದರೆ ಮೇಲೆ ಪೂರ್ತಿ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಪಕ್ಕದ ಹೊಲದ ಶಕೀಲ ಎಂಬ ರೈತ ಹೇಳಿದ, “ಹುಡುಗ್ರು ಬೀಳ್ತಾರಂತ ಹಾಕೇವ್ರಿ. ಮೂರ ವರ್ಷ ಆತು. ಮೊದಲ ಭಾಳ ಇದ್ದುವ್ರಿ, ಸಂಜೀಕ ಕಿವಿ ಗುಂಯ್ ಅಂತಿದ್ವು.”

ಹೊತ್ತು ಮುಳುಗುವ ತನಕ ಕಾದೆವು. ಎಲ್ಲಿಂದಲೋ ಆರು ಬಾನಾಡಿ ಬಂದವು. ಬಾವಿಯ ಮೇಲೆ ಕೆಳಮಟ್ಟದಲ್ಲಿ ಸುತ್ತಿದವು, ಜಾಳಿಗೆಯ ಹತ್ತಿರಕ್ಕೆ ಬಂದು ಮೇಲೆದ್ದವು, ಮತ್ತೆ ಬಂದವು. ಒಳಗೆ ಹೋಗಲು ದಾರಿಯಿಲ್ಲ. ಬೆಳಕಿದ್ದಾಗಲೇ ಕನ್ನಡಿಯನ್ನು ಜಾಳಿಗೆಯ ಅಂಚಿನ ಸಂದಿಯಿಂದ ಓರೆ ಮಾಡಿ ಇಳಿಸಿ ಮೂರೂ ಕಮಾನು ನೋಡಿದ್ದೆವು. ಹಳೆಯ ಗೂಡಿನ ಅಂಟಿನ ಕಲೆಗಳಿವೆ, ಗೂಡಿಲ್ಲ.

ಶಕೀಲನಿಗೆ ಜೈನುದ್ದೀನ ಒಂದು ಮಾತು ಹೇಳಿದ್ದಾನೆ. ಕಮಾನಿನ ಎದುರಿಗೆ ಜಾಳಿಗೆಯಲ್ಲಿ ಒಂದು ಮೊಳ ಉದ್ದ, ಅರ್ಧ ಗೇಣು ಅಗಲದ ಕಿಂಡಿ ಬಿಟ್ಟರೆ ಹಕ್ಕಿ ಹೋಗುತ್ತದೆ, ಹುಡುಗರು ಹೋಗುವುದಿಲ್ಲ, ತಾನೇ ಬಂದು ಕತ್ತರಿಸಿಕೊಡುತ್ತೇನೆ ಎಂದು. ಮನೆಯ ಹಿರಿಯರನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ. ಕೇಳುತ್ತಾನೆ ಅನ್ನಿಸಿತು. ನಮಗೆ ಚಹಾ ಕುಡಿಸಿ ಇಲ್ಲಿಯವರೆಗೆ ಗಾಡಿಯಲ್ಲಿ ಬಿಟ್ಟುಹೋದ.

ನಿನ್ನ ಎಣಿಕೆಯ ಹಾಳೆ ತೆಗೆದು ತುಂಬಿಸಲು ಕೂತಾಗ ಜೈನುದ್ದೀನ ಇಣುಕಿ ನೋಡಿದ.

“ಲೇ ರೇವಣ, ಇಷ್ಟ ದೂರಿಂದ ಬಂದೇವಿ. ಒಂದ ನಾಕೈದರ ಗೂಡ ಬರೀಲೇ. ಅಂಟಿನ ಕಲಿ ಅಂತೂ ಅದಾವಲ್ಲ. ಹುಡುಗಿಗಿ ಖುಷಿ ಆಗತೈತಿ.”

ಅವನು ಚೇಷ್ಟೆಗೆ ಅಂದನೋ ಖರೆಗೇ ಅಂದನೋ ಗೊತ್ತಿಲ್ಲ. ನಾನು ಅವನಿಂದ ಹಾಳೆಯನ್ನು ಸ್ವಲ್ಪ ಆಚೆ ಸರಿಸಿಕೊಂಡು ಬರೆದೆ. ಬರೆದ ಮೇಲೆ ಅವನಿಗೆ ಕೊಟ್ಟೆ. ಕೈ ಒರೆಸಿಕೊಂಡು ಸಹಿ ಮಾಡಿದ.

ನಾಲತವಾಡದ ಹಳೆಯ ಬಾವಿ. ಮೇಲೆ ಸುತ್ತಿದ ಹಕ್ಕಿ: ಆರು. ಗೂಡು: ಸೊನ್ನೆ.

ಎಣಿಸಿದವರು
ರೇವಣಪ್ಪ
ಜೈನುದ್ದೀನ